ತಡವಾಗಿ ಬಂದವರ ಡಬ್ಬಿ

ಜೂನ್ 9, ಭಾನುವಾರ
ಅಣ್ಣನಿಂದ ತಂಗಿಗೆ. ಧ್ವನಿ ಸಂದೇಶ, ಒಂಬತ್ತು ನಿಮಿಷ

ಲೆಕ್ಕದಮ್ಮಾ, ಕೇಳಿಸ್ತಿದೆಯಾ? ಕೆಂಪು ಚುಕ್ಕೆ ಮಿನುಗ್ತಿದೆ, ಅಂದ್ರೆ ರೆಕಾರ್ಡ್ ಆಗ್ತಿದೆ ಅಂದ್ಕೋತೀನಿ. ಹೋದ್ಸಲ ಹತ್ತು ನಿಮಿಷ ಮಾತಾಡಿ ಆಮೇಲೆ ನೋಡಿದ್ರೆ ಬರೀ ಟಾರ್ಚ್ ಹಾಕ್ಕೊಂಡು ಕೂತಿದ್ದೆ. ಟೈಪ್ ಮಾಡು ಅಂತ ನೀನು ಬೈತೀಯ. ವಾರವೆಲ್ಲ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟವನಿಗೆ ಭಾನುವಾರನೂ ಆ ಇರುವೆ ಗಾತ್ರದ ಅಕ್ಷರ ಬೇಡ ಕಣೇ. ನೀನು ಬರೆಯೋಳು, ನಾನು ಬಾಯಿಬಡ್ಕ. ಹಂಗೇ ಇರ್ಲಿ ಬಿಡು.

ಸುದ್ದಿ ಏನಂದ್ರೆ, ನಿಮ್ಮ ಮುಖ್ಯ ಕಚೇರಿಯವರು ನಮ್ಮ ಆಸ್ಪತ್ರೆಗೆ ಒಪ್ಪಿಸಿದ್ರಲ್ಲ ಮಲೇರಿಯಾ ಔಷಧಿ ಕೆಲಸ ಮಾಡ್ತಿದೆಯೋ ಇಲ್ವೋ ನೋಡೋ ಕೆಲಸ, ಅದರಲ್ಲಿ ಮೂವತ್ತೆಂಟು ಜನ ಮುಗಿದ್ರು. ಮಾತ್ರೆ ಶುರು ಮಾಡೋದು, ಮೂರನೇ ದಿನ ಕರೆಸಿ ಮತ್ತೆ ಬೆರಳು ಚುಚ್ಚೋದು, ಗಾಜಿನ ಮೇಲೆ ರಕ್ತ ಬಳಿದು ನೋಡೋದು. ಅಷ್ಟೊತ್ತಿಗೆ ರೋಗಾಣು ಎಲ್ಲ ಸತ್ತಿರ್ಬೇಕು. ಸತ್ತಿಲ್ಲ ಅಂದ್ರೆ ಔಷಧಿಗೆ ಅವು ಜಗ್ತಿಲ್ಲ ಅಂತ ಅರ್ಥ. ನೋಡು, ಯಾರಿಗೆ ಪಾಠ ಹೇಳ್ತಿದೀನಿ! ಆ ಫಾರಂನ ನಮ್ಮ ಭಾಷೆಗೆ ತಂದವಳೇ ನೀನು. ತರಬೇತಿಗೆ ನಮ್ಮಿಂದ ಯಾರೂ ಬರೋಕಾಗ್ಲಿಲ್ಲ, ನಿನ್ನ ಫಾರಮ್ಮೇ ನಮಗೆ ಮೇಷ್ಟ್ರು. ನರ್ಸಮ್ಮ ಅದನ್ನ ಗೋಡೆಗೆ ಅಂಟಿಸಿ ಅಕ್ಷರ ಅಕ್ಷರ ಪಾಲಿಸ್ತಾಳೆ.

ಮೂವತ್ತೆಂಟರಲ್ಲಿ ಒಂಬತ್ತು ಕಣೇ. ಒಂಬತ್ತು ಜನರ ರಕ್ತದಲ್ಲಿ ಇನ್ನೂ ಉಂಗುರ ಇದೆ. ನಾನು ಉಂಗುರ ಅಂತಲೇ ಅನ್ನೋದು, ಕಲ್ಲಿಟ್ಟ ಉಂಗುರದ ಹಾಗೇ ಕಾಣ್ತವೆ. ಇಪ್ಪತ್ತಾರು ವರ್ಷ ದಿನಾ ಉಂಗುರ ನೋಡ್ತೀರ, ನನ್ನ ಬೆರಳಿಗೆ ಒಂದೂ ಬರ್ಲಿಲ್ಲ ಅಂತ ನಿಮ್ಮತ್ತಿಗೆ ಎತ್ತಾಡ್ತಾಳೆ. ಒಂಬತ್ತು ಅಂದ್ರೆ ಜಾಸ್ತಿ ಆಯ್ತಲ್ವಾ? ಇಪ್ಪತ್ತಾರು ವರ್ಷದಲ್ಲಿ ಇಷ್ಟು ನೋಡಿಲ್ಲ ನಾನು.

ಇನ್ನೈದು ಜನ ಇದಾರೆ, ಅವರನ್ನ ಲೆಕ್ಕಕ್ಕೆ ತಗೊಂಡಿಲ್ಲ. ತಡವಾಗಿ ಬಂದವರು. ನಿನ್ನ ಫಾರಂನಲ್ಲಿ ತಡಕ್ಕೆ ಜಾಗ ಇಲ್ಲ. ಅವರ ಸ್ಲೈಡು ಮಾಡಿ ಬಿಸ್ಕತ್ತಿನ ಡಬ್ಬಿಯಲ್ಲಿ ಬೇರೆ ಇಟ್ಟಿದೀನಿ, ಎಸೆಯೋಕೆ ಮನಸ್ಸು ಬರ್ಲಿಲ್ಲ. ಅದರಲ್ಲೊಬ್ಬಳು ಕಲ್ಲು ಕ್ವಾರಿಯವಳು, ಇಪ್ಪತ್ಮೂರನೇ ನಂಬರು. ಸೋಮವಾರ ಮಾತ್ರೆ ಕೊಟ್ಟು ಬುಧವಾರ ಬಾ ಅಂದ್ರೆ ಗುರುವಾರ ಬಂದು ನಿಂತ್ಲು. ಯಾಕಮ್ಮ ತಡ ಅಂದೆ. "ಸೋಮ, ಮಂಗಳ, ಬುಧ, ಮೂರು ದಿನ ಆಯ್ತಲ್ಲಣ್ಣ, ಈಗ ಬಂದೆ" ಅಂತ ನನಗೇ ಲೆಕ್ಕ ಹೇಳ್ತಾಳೆ! ಕಲ್ಲು ಒಡೆಯೋಳೇ, ಎಣಿಸೋದು ನನಗೆ ಬಿಡು ಅಂದೆ. "ಎಣಿಸು, ಬೆರಳಲ್ಲಿ ಇನ್ನೆಷ್ಟು ರಕ್ತ ಉಳಿದಿದೆ ಅಂತ ಅದನ್ನೂ ಎಣಿಸು" ಅಂದ್ಲು. ನರ್ಸಮ್ಮ ನಕ್ಕು ನಕ್ಕು ಸಾಕಾದಳು.

ಅವಳನ್ನ ನೋಡಿ ನೀನೇ ನೆನಪಾದೆ. ಚಿಕ್ಕವರಿದ್ದಾಗ ನಮ್ಮ ಬಾಡಿಗೆ ಮನೆ ಮೆಟ್ಟಿಲಿಗೆ ಜಗಳ ಆಡ್ತಿದ್ವಲ್ಲ. ನಾನು ಹದಿನಾಲ್ಕು ಅಂತಿದ್ದೆ, ನೀನು ಹದಿಮೂರು. ನಾನು ನಿಂತಿರೋ ನೆಲದಿಂದಲೇ ಒಂದು ಅಂತ ಶುರು ಮಾಡ್ತಿದ್ದೆ. "ನೆಲ ಮೆಟ್ಟಿಲೇನೋ? ಹತ್ತೋಕೆ ಮುಂಚೆ ನಿಂತಿರೋದು ಎಣಿಕೆಗಿಲ್ಲ" ಅಂತ ನೀನು ಕಿರುಚ್ತಿದ್ದೆ. ಆರು ವರ್ಷದ ಪಿಳ್ಳೆ. ಅವತ್ತಿಂದ ಲೆಕ್ಕದಮ್ಮ.

ಸರಿ, ಬ್ಯಾಟರಿ ಮುಗೀತಿದೆ. ಒಂಬತ್ತು. ಬರೆದ್ಕೋ.

ಜೂನ್ 10, ಸೋಮವಾರ
ತಂಗಿಯಿಂದ ಅಣ್ಣನಿಗೆ

ಅಣ್ಣಾ,

ಒಂಬತ್ತು ಎಂದಾಗ ಕೇಳುತ್ತಿದ್ದ ಸಂದೇಶವನ್ನು ಅಲ್ಲಿಗೇ ನಿಲ್ಲಿಸಿ ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಕೋಣೆಗೆ ಓಡಿದೆ. ನೂರಕ್ಕೆ ಹತ್ತು ದಾಟಿದರೇ ನಾವು ಎಚ್ಚರಗೊಳ್ಳಬೇಕು. ನಿನ್ನದು ಇಪ್ಪತ್ತನ್ನೂ ದಾಟಿದೆ. ಮೇಡಂ ಎದ್ದು ನಿಂತುಬಿಟ್ಟರು. ಇದು ನಿಜವಾದರೆ ಆ ಭಾಗಕ್ಕೆ ಔಷಧವನ್ನೇ ಬದಲಿಸಬೇಕಾಗುತ್ತದೆ. ಶನಿವಾರ ನಮ್ಮ ತಂಡ ಬರುತ್ತದೆ. ಸ್ಲೈಡುಗಳನ್ನೂ ರಿಜಿಸ್ಟರನ್ನೂ ತಯಾರಾಗಿಡು.

ನನ್ನ ಅಣ್ಣ ಕಂಡದ್ದು ಎಂದು ಎಲ್ಲರಿಗೂ ಹೇಳುತ್ತಿದ್ದೇನೆ. ಉಳಿದ ಸಂದೇಶವನ್ನು ಬಿಡುವಾದಾಗ ಕೇಳುತ್ತೇನೆ.

ಜೂನ್ 15, ಶನಿವಾರ
ಧ್ವನಿ ಸಂದೇಶ, ಆರು ನಿಮಿಷ

ಬಂದ್ರು, ಹೋದ್ರು. ಮೂರು ಜನ, ಒಂದು ಜೀಪು. ನಮ್ಮ ಡಾಕ್ಟರು ಹೊಸ ಅಂಗಿ ಹಾಕ್ಕೊಂಡು ಬಂದಿದ್ರು, ಮದುವೆ ಮನೆ ಥರ. ನನ್ನ ಕೋಣೆ ನೋಡಿ ಒಬ್ಬರು "ಇಷ್ಟು ಬೆಳಕಲ್ಲಿ ನೋಡ್ತೀರಾ?" ಅಂದ್ರು. ಕಿಟಕಿ ಮುಂದೆ ನೀರಿನ ಟ್ಯಾಂಕ್ ಕಟ್ಟಿದಾರೆ ಸ್ವಾಮಿ, ಹನ್ನೊಂದರ ತನಕ ಸೂರ್ಯ ಟ್ಯಾಂಕಿನ ಹಿಂದೆ ಇರ್ತಾನೆ ಅಂದೆ. ಬರೆದ್ಕೊಂಡ್ರು. ಯಾಕೆ ಬರೆದ್ಕೊಂಡ್ರು ಗೊತ್ತಾಗ್ಲಿಲ್ಲ.

ಮೂವತ್ತೆಂಟು ಸ್ಲೈಡು, ರಿಜಿಸ್ಟರು ತಗೊಂಡು ಹೋದ್ರು. ಡಬ್ಬಿ ತೋರಿಸ್ದೆ, ಇವು ತಡವಾಗಿ ಬಂದವರದ್ದು ಅಂತ. ಫಾರಂನಲ್ಲಿ ಇಲ್ಲದ್ದು ನಮಗೆ ಬೇಡ ಅಂದ್ರು. ಮುಚ್ಚಿಟ್ಟೆ.

ಒಂದು ಮಾತು ಹೇಳ್ಲಾ, ನಿಮ್ಮತ್ತಿಗೆಗೆ ಹೇಳ್ಬೇಡ. ಹೋದ ತಿಂಗಳು ಅವಳು ಸೂಜಿಗೆ ದಾರ ಪೋಣಿಸಿ ಕೊಡಿ ಅಂದ್ಲು. ಏಳು ಸಲ ಆದ್ರೂ ಆಗ್ಲಿಲ್ಲ. ಎಂಟನೇ ಸಲಕ್ಕೆ ಸೂಜಿ ಕಿತ್ಕೊಂಡು, "ಇದೇ ಕಣ್ಣಲ್ಲಾ ಜನರ ರಕ್ತ ನೋಡೋದು?" ಅಂದ್ಲು. ತಮಾಷೆಗೆ ಅಂದಿದ್ದು. ನಾನೂ ನಕ್ಕೆ. ಆದ್ರೆ ಆ ಒಂಬತ್ತನ್ನ ನೋಡುವಾಗ ಪ್ರತಿ ಸಲ ಆ ಸೂಜಿ ನೆನಪಾಗ್ತಿತ್ತು. ಒಂದೊಂದನ್ನೂ ಮೂರು ಮೂರು ಸಲ ನೋಡಿದೀನಿ. ಉಂಗುರವೇ. ಧೂಳಲ್ಲ, ಬಣ್ಣದ ಕಲೆ ಅಲ್ಲ. ಉಂಗುರವೇ ಅಂತ ಅಂದ್ಕೊಂಡಿದೀನಿ.

ನಿಮ್ಮ ಲ್ಯಾಬಿನವರು ಮತ್ತೆ ನೋಡ್ತಾರಲ್ಲ, ಏನಂದ್ರು ಅಂತ ಮೊದಲು ನನಗೇ ಹೇಳು. ಕಾಗದದಲ್ಲಿ ಬೇಡ.

ಜೂನ್ 26, ಬುಧವಾರ
ತಂಗಿಯಿಂದ

ಅಣ್ಣಾ,

ಕಚೇರಿಯ ಪತ್ರ ನಾಳೆ ನಿಮ್ಮ ಡಾಕ್ಟರ ಕೈ ಸೇರುತ್ತದೆ. ಅದಕ್ಕೆ ಮುಂಚೆ ತಿಳಿಸುತ್ತಿದ್ದೇನೆ. "ಕೇಂದ್ರದ ಮಟ್ಟದಲ್ಲಿ ದೋಷ ಕಂಡುಬಂದ ಕಾರಣ" ನಿಮ್ಮ ಫಲಿತಾಂಶಗಳನ್ನು ಕೈಬಿಡಲಾಗಿದೆ. ಉಳಿದ ಸಾಮಗ್ರಿಯನ್ನು ವಿಲೇವಾರಿ ಮಾಡಬಹುದು.

ಹೀಗಾಗುವುದುಂಟು. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಜೂನ್ 27, ಗುರುವಾರ
ಧ್ವನಿ ಸಂದೇಶ, ಐದು ನಿಮಿಷ

ಪತ್ರ ಬಂತು. ಡಾಕ್ಟರು ಕರೆದು ಓದಿಸಿದ್ರು. ಬೈಲಿಲ್ಲ ಪಾಪ. ಬೈದಿದ್ರೆ ಒಳ್ಳೇದಿತ್ತು. ಕುರ್ಚಿ ಎಳೆದು ಕೂತ್ಕೊಳ್ಳಿ ಅಂದ್ರು, ಇಪ್ಪತ್ತಾರು ವರ್ಷದಲ್ಲಿ ಆ ಕೋಣೇಲಿ ನಾನು ಕೂತಿದ್ದು ಇದೇ ಮೊದಲು.

"ಕೇಂದ್ರದ ಮಟ್ಟದಲ್ಲಿ ದೋಷ." ಅದ್ಯಾವ ಮಟ್ಟ ಕಣೇ? ಈ ಕೇಂದ್ರದಲ್ಲಿ ಇರೋದೇ ನಾವು ಮೂರು ಮತ್ತೊಂದು ಜನ. ರಕ್ತ ತೆಗೆಯೋಳು ನರ್ಸಮ್ಮ, ಅವಳ ಕೈ ಗಡಿಯಾರದ ಥರ. ಬಣ್ಣ ಹಾಕೋನು ನಾನು. ನೋಡೋನು ನಾನು. ಬರೆಯೋನು ನಾನು. ಇನ್ಯಾರು ಉಳಿದ್ರು? ಕಸ ಗುಡಿಸೋಳು ಬಂದು ರೋಗಾಣು ಚೆಲ್ಲಿ ಹೋದ್ಲಾ?

ನರ್ಸಮ್ಮ ನನಗಿಂತ ಜೋರಾಗಿ ಕೂಗಾಡಿದ್ಲು. "ಅವರ ಮೈಕ್ರೋಸ್ಕೋಪೇ ಕೆಟ್ಟಿರುತ್ತೆ ಬಿಡಿ" ಅಂತ. ನನ್ನ ಮುಖ ನೋಡಲಿಲ್ಲ ಮಾತ್ರ.

ನೀನು ನನ್ನ ತಂಗಿ. ನೇರವಾಗಿ ಕೇಳ್ತೀನಿ. ಲ್ಯಾಬಿನವರು ಆ ಒಂಬತ್ತನ್ನ ನೋಡಿದಾಗ ಅಲ್ಲೇನೂ ಇರ್ಲಿಲ್ವಾ? ನನ್ನ ಕಣ್ಣಾ? ಹೌದು ಅಂದ್ರೆ ಹೌದು ಅನ್ನು. ನಾನೇನು ಬಾವಿಗೆ ಬೀಳಲ್ಲ.

ಜುಲೈ 3, ಬುಧವಾರ
ತಂಗಿಯಿಂದ

ಅಣ್ಣಾ,

ಕೆಲಸ ಬಹಳ ಇತ್ತು, ಉತ್ತರ ತಡವಾಯಿತು. ಆ ವಿಷಯ ಮುಗಿದಿದೆ, ಮತ್ತೆ ಕೆದಕಿ ಉಪಯೋಗವಿಲ್ಲ. ಹೇಗೂ ಐವತ್ತಾಯಿತು, ಒಮ್ಮೆ ಕಣ್ಣು ತೋರಿಸಿಕೊ. ಒಳ್ಳೆಯದೇ ಅಲ್ಲವೇ? ಅತ್ತಿಗೆಯನ್ನು ಕೇಳಿದೆನೆಂದು ಹೇಳು.

ಜುಲೈ 9, ಮಂಗಳವಾರ
ಧ್ವನಿ ಸಂದೇಶ, ನಾಲ್ಕು ನಿಮಿಷ

ತೋರಿಸ್ಕೊಂಡು ಬಂದೆ. ಬಸ್ಸಲ್ಲಿ ಹೋಗಿ ಬರೋಕೆ ಒಂದಿನ. ಕಣ್ಣಿನ ಡಾಕ್ಟರು ಚಿಕ್ಕ ಹುಡುಗಿ, ವಯಸ್ಸಿಗೆ ತಕ್ಕ ಹಾಗಿದೆ ಅಂಕಲ್, ಓದೋ ಕನ್ನಡಕ ಬದಲಾಯಿಸಿ ಸಾಕು, ಮೈಕ್ರೋಸ್ಕೋಪಿಗೇನೂ ತೊಂದ್ರೆ ಇಲ್ಲ ಅಂದ್ಲು. ಅವಳಿಗೆ ನಾನೇನು ನೋಡ್ತೀನಿ ಅಂತ ಹೇಗೆ ಗೊತ್ತಾಗ್ಬೇಕು. ಗೋಡೆ ಮೇಲಿನ ಅಕ್ಷರ ಓದ್ಸಿದ್ಲು. ಅಕ್ಷರಕ್ಕೂ ಉಂಗುರಕ್ಕೂ ಎಲ್ಲಿಂದೆಲ್ಲಿಗೆ.

ನೀನು ನೇರವಾಗಿ ಹೇಳ್ದೆ ಇದ್ರೂ ಅರ್ಥ ಆಯ್ತು ಕಣೇ. ಅಣ್ಣನ ಮನಸ್ಸು ನೋಯಿಸಬಾರ್ದು ಅಂತ ಸುತ್ತು ಬಳಸಿ ಬರೆದಿದೀಯ. ಒಳ್ಳೇ ಮನಸ್ಸು ನಿಂದು.

ಒಂದು ವಿಷಯ ಆಯ್ತು, ಹೇಳ್ದೇ ಇರೋಕೆ ಆಗ್ತಿಲ್ಲ. ನಿನ್ನೆ ಕ್ವಾರಿಯವಳು ಬಂದಿದ್ಲು, ಆ ಇಪ್ಪತ್ಮೂರು. ಮತ್ತೆ ಚಳಿ ಜ್ವರ. ಈ ಸಲ ತಮಾಷೆ ಇಲ್ಲ, ಗೋಡೆ ಹಿಡ್ಕೊಂಡು ನಡೀತಿದ್ಲು. ಕಾಲು ಗಂಟೇಲಿ ಮಲೇರಿಯಾ ತೋರಿಸೋ ಕಿಟ್ಟು ಮುಗಿದು ಹತ್ತು ದಿನ ಆಗಿದೆ. ಸ್ಲೈಡು ಮಾಡ್ದೆ, ನೋಡ್ದೆ. ಕಂಡ್ವು. ಒಂದಲ್ಲ ಎರಡಲ್ಲ. ಕಣ್ಣು ತೆಗೆದೆ, ಒರೆಸ್ಕೊಂಡೆ, ಮತ್ತೆ ನೋಡ್ದೆ. ಕಂಡ್ವು. ಆಮೇಲೆ ಅಂದ್ಕೊಂಡೆ, ಆ ಒಂಬತ್ತರಲ್ಲೂ ಹೀಗೇ ಕಂಡಿತ್ತಲ್ಲ. ಇಲ್ಲದ್ದು ನನಗೆ ಕಾಣುತ್ತೆ ಅಂತ ದೊಡ್ಡೋರು ಬರೆದು ಕೊಟ್ಟಿದಾರಲ್ಲ. ರಿಜಿಸ್ಟರಿನಲ್ಲಿ "ಕಾಣಲಿಲ್ಲ" ಅಂತ ಬರೆದೆ. ಜ್ವರದ ಮಾತ್ರೆ ಕೊಟ್ಟು ಕಳಿಸಿದ್ರು.

ಬರೆದ ಮೇಲಿಂದ ಊಟ ಸೇರ್ತಿಲ್ಲ.

ನನ್ನನ್ನ ಚೀಟಿ ಕೊಡೋ ಕೌಂಟರಿಗೆ ಹಾಕಿ ಅಂತ ಡಾಕ್ಟರಿಗೆ ಅರ್ಜಿ ಕೊಟ್ಟಿದೀನಿ. ಅಲ್ಲಿ ಹೆಸರು ತಪ್ಪು ಬರೆದ್ರೆ ಜಗಳ ಆಗ್ಬೋದು, ಜೀವ ಹೋಗಲ್ಲ. ನಾಳೆ ಮಧ್ಯಾಹ್ನ ಕೋಣೆ ಖಾಲಿ ಮಾಡ್ತೀನಿ. ಬಿಸ್ಕತ್ತಿನ ಡಬ್ಬಿಯ ಐದು ಸ್ಲೈಡನ್ನೂ ತೊಳೆದಿಟ್ರೆ ಮುಂದೆ ಬರೋನಿಗೆ ಗಾಜಾದ್ರೂ ಸಿಗುತ್ತೆ. ಅಷ್ಟೇ ಕಣೇ.

ಜುಲೈ 10, ಬುಧವಾರ
ತಂಗಿಯಿಂದ

ಅಣ್ಣಾ,

ಹನ್ನೊಂದು ಸಲ ಕರೆ ಮಾಡಿದೆ. ನಿನ್ನ ಫೋನ್ ಸಿಗುತ್ತಿಲ್ಲ. ನರ್ಸಮ್ಮನ ಫೋನಿಗೂ ಇದನ್ನೇ ಕಳಿಸುತ್ತಿದ್ದೇನೆ. ಓದಿದ ತಕ್ಷಣ ಎರಡು ಕೆಲಸ ಮಾಡು. ಆ ಡಬ್ಬಿಯನ್ನು ತೊಳೆಯಬೇಡ. ಇಪ್ಪತ್ತಮೂರನೆಯವಳನ್ನು ಈಗಲೇ ಹುಡುಕಿಸು, ದೊಡ್ಡ ಆಸ್ಪತ್ರೆಗೆ ಕಳಿಸು. ನೀನು ಕಂಡದ್ದು ಇತ್ತು. ಉಳಿದದ್ದನ್ನು ಆಮೇಲೆ ಓದು.

ನಿನ್ನ ಕಣ್ಣಿಗೆ ಏನೂ ಆಗಿಲ್ಲ. ಲ್ಯಾಬಿನ ಇಬ್ಬರು ಬೇರೆಬೇರೆಯಾಗಿ ನೋಡಿದರು, ಮೂವತ್ತೆಂಟಕ್ಕೆ ಮೂವತ್ತೆಂಟೂ ಸರಿ. ಒಂಬತ್ತಕ್ಕೆ ಒಂಬತ್ತೂ ಉಂಗುರವೇ. ಇದು ನನಗೆ ಜೂನ್ ಇಪ್ಪತ್ತರಂದೇ ಗೊತ್ತಿತ್ತು.

ದೋಷ ಇದ್ದದ್ದು ದಿನದಲ್ಲಿ. ಮೂಲ ಇಂಗ್ಲಿಷ್ ಫಾರಂನಲ್ಲಿ ಮಾತ್ರೆ ಕೊಟ್ಟ ದಿನ ಸೊನ್ನೆ. ಅಲ್ಲಿಂದ ಒಂದು, ಎರಡು, ಮೂರು. ಸೋಮವಾರ ಮಾತ್ರೆಯಾದರೆ ರಕ್ತ ತೆಗೆಯಬೇಕಾದದ್ದು ಗುರುವಾರ. ಅದನ್ನು "ಮೂರನೇ ದಿನ" ಎಂದು ಬರೆದವಳು ನಾನು. ನಮ್ಮಲ್ಲಿ ಮೂರನೇ ದಿನ ಎಂದರೆ ಯಾರೂ ಇವತ್ತನ್ನು ಬಿಟ್ಟು ಎಣಿಸುವುದಿಲ್ಲ. ನರ್ಸಮ್ಮ ಸರಿಯಾಗಿಯೇ ಓದಿದಳು, ಬುಧವಾರವೇ ಕರೆದಳು. ಎಲ್ಲರನ್ನೂ ಒಂದು ದಿನ ಮುಂಚೆ. ಔಷಧಕ್ಕೆ ಇನ್ನೂ ಒಂದು ದಿನದ ಕೆಲಸ ಬಾಕಿ ಇತ್ತು. ಉಂಗುರ ಉಳಿದಿದ್ದರಲ್ಲಿ ಆಶ್ಚರ್ಯವಿಲ್ಲ. ಬೇರೆ ಕೇಂದ್ರದವರೆಲ್ಲ ತರಬೇತಿಗೆ ಬಂದು ಬಾಯಿಮಾತಿನಲ್ಲಿ ಕೇಳಿಕೊಂಡು ಹೋಗಿದ್ದರು. ನಿಮ್ಮವರು ಬರದಿದ್ದಾಗ ಮೇಡಂಗೆ ನಾನೇ ಹೇಳಿದ್ದೆ: ಅಲ್ಲಿ ನಮ್ಮ ಅಣ್ಣ ಇದ್ದಾನೆ, ಫಾರಂ ಕಳಿಸಿದರೆ ಸಾಕು.

ರಿಜಿಸ್ಟರಿನ ತಾರೀಖು ನೋಡಿದ ಕೂಡಲೇ ಹೊಳೆಯಿತು. ಯಾರಿಗೂ ಹೇಳಲಿಲ್ಲ. ಸ್ಲೈಡು ಸರಿಯಿದೆ, ತಾರೀಖು ಮುಂಚಿನದು ಎಂದಷ್ಟೇ ಮೇಡಂಗೆ ಹೇಳಿದೆ. ಫಾರಂ ತರಿಸಿ ನೋಡಿ ಎನ್ನಲಿಲ್ಲ. "ಕೇಂದ್ರದ ಮಟ್ಟದಲ್ಲಿ ದೋಷ" ಎಂಬ ಸಾಲನ್ನು ಬರೆದವಳೂ ನಾನೇ. "ನನ್ನ ಕಣ್ಣಾ?" ಎಂದು ನೀನು ಕೇಳಿದಾಗ, ಅಲ್ಲ ಎಂದರೆ "ಮತ್ತೇನು?" ಎಂದು ಕೇಳುತ್ತೀಯಲ್ಲ, ಅದಕ್ಕೆ ಹೆದರಿ ಕಣ್ಣು ತೋರಿಸಿಕೊ ಎಂದೆ.

ನಿನ್ನೆ ನೀನು ಡಬ್ಬಿ ಎಂದಾಗ ನಿನ್ನ ಮೊದಲ ಸಂದೇಶವನ್ನು ಹುಡುಕಿ ಕೊನೆಯತನಕ ಕೇಳಿದೆ. ಒಂಬತ್ತು ಎಂಬ ಮಾತಿನಾಚೆ ಅದುವರೆಗೆ ಕೇಳಿಯೇ ಇರಲಿಲ್ಲ. ತಡವಾಗಿ ಬಂದವರು ಅಲ್ಲ ಅಣ್ಣಾ ಅವರು. ಆ ಐದು ಜನ ಮಾತ್ರ ಸರಿಯಾದ ದಿನ ಬಂದವರು. ಅವರ ಸ್ಲೈಡಿನಲ್ಲಿ ಏನಿತ್ತೆಂದು ನೀನು ಹೇಳಲೇ ಇಲ್ಲ. ನಾನೂ ಕೇಳಲಿಲ್ಲ.

ಇಂದು ಮಧ್ಯಾಹ್ನ ಮೇಡಂಗೆ ಎಲ್ಲವನ್ನೂ ಹೇಳುತ್ತೇನೆ.

ಜುಲೈ 12, ಶುಕ್ರವಾರ
ಧ್ವನಿ ಸಂದೇಶ, ಇಪ್ಪತ್ತೆಂಟು ಸೆಕೆಂಡು

ಅವಳು ಸಿಕ್ಕಿದ್ಲು. ಕ್ವಾರಿ ಶೆಡ್ಡಲ್ಲಿ ಮಲಗಿದ್ಲು, ಮಾತು ತೊದಲ್ತಿತ್ತು. ನರ್ಸಮ್ಮ ಜೊತೇಲಿ ಹೋಗಿ ದೊಡ್ಡ ಆಸ್ಪತ್ರೆಗೆ ಸೇರಿಸಿದ್ಲು. ನಿನ್ನ ಪತ್ರ ಬರೋ ಹೊತ್ತಿಗೆ ಮೂರು ಸ್ಲೈಡು ತೊಳೆದಾಗಿತ್ತು. ಎರಡು ಉಳಿದಿವೆ. ಎರಡರಲ್ಲೂ ಉಂಗುರ ಇದೆ, ಒಂದು ಅವಳದ್ದೇ. ತೊಳೆದ ಮೂರರಲ್ಲಿ ಏನೂ ಇರ್ಲಿಲ್ಲ, ಮಾಡಿದಾಗಲೇ ನೋಡಿದ್ದೆ, ಕೈಗೆ ಮೊದಲು ಅವೇ ಸಿಕ್ಕಿದ್ದು ಪುಣ್ಯ. ಬಸ್ಸಿಗೆ ಹಾಕಿದೀನಿ.

ಜುಲೈ 20, ಶನಿವಾರ
ತಂಗಿಯಿಂದ

ಅಣ್ಣಾ,

ಡಬ್ಬಿ ಸಿಕ್ಕಿತು. ಬಿಸ್ಕತ್ತಿನ ಡಬ್ಬಿಯೊಳಗೆ ಹತ್ತಿ, ಹತ್ತಿಯೊಳಗೆ ಗಾಜು. ನೀನು ನನಗೆ ಹಿಂದೆ ಬಳೆ ಕಳಿಸುತ್ತಿದ್ದದ್ದು ಹೀಗೆಯೇ.

ಮೇಡಂಗೆ ಹೇಳಿದೆ. ಮೂಲವನ್ನೂ ನನ್ನ ಅನುವಾದವನ್ನೂ ಪಕ್ಕಪಕ್ಕ ಇಟ್ಟು ಓದಿದರು. ಆಮೇಲೆ, "ಫಾರಂ ಯಾರು ಪರಿಶೀಲಿಸಿದರು?" ಎಂದರು. ಯಾರೂ ಇಲ್ಲ ಎಂದೆ. ಇನ್ನು ಮುಂದೆ ಅನುವಾದ ನನ್ನ ಕೈಯಿಂದ ಹೋಗಿದೆ, ಹೋಗಲಿ, ಸರಿಯೇ. ನಿಮ್ಮ ಡಾಕ್ಟರಿಗೆ ಹೊಸ ಪತ್ರ ಬರುತ್ತದೆ. ಅದರಲ್ಲಿ ದೋಷ ಯಾರದೆಂದು ಸ್ಪಷ್ಟವಾಗಿ ಬರೆಯಿಸಿದ್ದೇನೆ.

ಇಪ್ಪತ್ತಮೂರನೆಯವಳ ಹಳೆಯ ಸ್ಲೈಡನ್ನೂ ದೊಡ್ಡ ಆಸ್ಪತ್ರೆಯವರು ಕಳಿಸಿದ ರಕ್ತವನ್ನೂ ನಮ್ಮ ಲ್ಯಾಬಿನವರು ಹೋಲಿಸಿದರು. ಹೊಸ ಸೊಳ್ಳೆಯ ಕಡಿತವಲ್ಲ, ಅದೇ ರೋಗಾಣು ಮರಳಿ ಬಂದದ್ದು. ಎರಡು ಸ್ಲೈಡಿನಿಂದ ಏನನ್ನೂ ಸಾಬೀತು ಮಾಡಲಾಗದು, ಕಡತ ಮುಚ್ಚಲೂ ಆಗದು. ನಿಮ್ಮಲ್ಲೇ ಮೊದಲಿನಿಂದ ಶುರು ಮಾಡಬೇಕೆಂದು ಮೇಡಂ ಹೇಳಿದ್ದಾರೆ, ನೀನು ನೋಡುವುದಾದರೆ ಮಾತ್ರ.

"ಮೂರನೇ ದಿನ" ಎನ್ನುವುದರ ಬದಲು ಏನು ಬರೆಯಬೇಕೆಂದು ನರ್ಸಮ್ಮನನ್ನು ಕೇಳಿ ಹೇಳುತ್ತೀಯಾ? ನೀನು ಮಾತಾಡದಿದ್ದರೂ ಸರಿ. ಅವಳ ಕೈಯಲ್ಲೇ ಬರೆಸಿ ಕಳಿಸು.

ಆಗಸ್ಟ್ 4, ಭಾನುವಾರ
ಧ್ವನಿ ಸಂದೇಶ, ಹತ್ತು ನಿಮಿಷ

ಲೆಕ್ಕದಮ್ಮಾ.

ಮೂರು ವಾರ ಬಾಯಿ ಮುಚ್ಕೊಂಡಿದ್ದೆ. ನಿಮ್ಮತ್ತಿಗೆ ಗಂಟಲು ಕೆಟ್ಟಿದೆಯಾ ಅಂತ ಬಿಸಿನೀರು ಕೊಡೋಕೆ ಶುರು ಮಾಡಿದ್ಲು. ಕೋಪ ಕಣೇ. ಪದ ತಪ್ಪು ಬರೆದಿದ್ದಕ್ಕಲ್ಲ. ಆ ಪದ ನಾನು ಬರೆದಿದ್ರೂ ಹಂಗೇ ಬರೀತಿದ್ದೆ. ಕಣ್ಣು ತೋರಿಸಿಕೊ ಅಂದ್ಯಲ್ಲ, ಅದಕ್ಕೆ. ನೀನು ಅಂದೆ ಅಂತ ನಾನು ನಂಬಿದೆ, ನಂಬಿ ಕಂಡಿದ್ದನ್ನ ಕಾಣಲಿಲ್ಲ ಅಂತ ಬರೆದೆ. ಆದ್ರೆ ಬರೆದ ಕೈ ನಂದೇ. ಇದರಲ್ಲಿ ಅರ್ಧ ನಿಂದು, ಅರ್ಧ ನಂದು. ಕೋಪ ಹೋಯ್ತು ಅಂತ ಸುಳ್ಳು ಹೇಳಲ್ಲ. ಹೊತ್ಕೊಂಡು ತಿರುಗೋ ಶಕ್ತಿ ಇಲ್ಲ, ಅಷ್ಟೇ. ಬಾಗಿಲ ಹತ್ರ ಇಳಿಸಿಟ್ಟಿದೀನಿ.

ನರ್ಸಮ್ಮನನ್ನ ಕೇಳ್ದೆ. ಒಂದು ನಿಮಿಷನೂ ಯೋಚನೆ ಮಾಡ್ಲಿಲ್ಲ. "ಮೂರು ರಾತ್ರಿ ಮಲಗೆದ್ದು ಬೆಳಿಗ್ಗೆ ಬನ್ನಿ ಅಂತ ಬರೀರಿ" ಅಂದ್ಲು. ಸೊನ್ನೆ ಬೇಡ, ಏನೂ ಬೇಡ. ರಾತ್ರಿಯನ್ನ ಯಾರೂ ತಪ್ಪು ಎಣಿಸಲ್ಲ. ಹೋದ ವಾರದಿಂದ ಹಂಗೇ ಹೇಳ್ತಿದೀವಿ. ಒಬ್ಬ ಮಾತ್ರ ತಲೆ ಕೆರ್ಕೊಂಡು ನಿಂತ. ಕ್ವಾರಿಯ ರಾತ್ರಿ ಕಾವಲುಗಾರ. "ನಾನು ರಾತ್ರಿ ಮಲಗೋದೇ ಇಲ್ವಲ್ಲಕ್ಕ, ನಾನು ಯಾವಾಗ ಬರ್ಲಿ?" ಅಂದ. ನರ್ಸಮ್ಮ, "ನಿನ್ನ ಹೆಂಡ್ತಿ ಮಲಗಿದ್ದನ್ನ ಎಣಿಸಪ್ಪ" ಅಂದ್ಲು. ನಗು ಬಂತು, ಬಹಳ ದಿನ ಆಗಿತ್ತು. ಇದನ್ನೂ ಫಾರಂನಲ್ಲಿ ಎಲ್ಲಾದ್ರೂ ಸೇರಿಸೋಕೆ ಹೇಳು.

ಇಪ್ಪತ್ಮೂರು ಮನೆಗೆ ಬಂದಿದಾಳೆ. ಸೊರಗಿ ಕಡ್ಡಿ ಆಗಿದಾಳೆ, ಕಲ್ಲು ಎತ್ತೋಕೆ ಇನ್ನೂ ತಿಂಗಳು ಬೇಕು. ಬೇರೆ ಔಷಧಿ ಹಿಡಿದಿದೆ, ಮೊನ್ನೆ ರಕ್ತ ನೋಡ್ದೆ, ಖಾಲಿ. ಅವಳಿಗೆ ಹೇಳ್ದೆ. ಅಮ್ಮ, ಅವತ್ತು ನೀನು ಎಣಿಸಿದ್ದೇ ಸರಿ, ನಾನು ತಪ್ಪು. ಆಮೇಲೆ ಕಂಡಿದ್ದನ್ನ ಕಾಣಲಿಲ್ಲ ಅಂತ ಬರೆದವನೂ ನಾನೇ. ಬೈತಾಳೆ ಅಂತ ಕಾದೆ. "ಈಗ ಕಂಡಿದ್ದನ್ನ ಬರೀತೀಯಾ?" ಅಂದ್ಲು. ಬರೀತೀನಿ ಅಂದೆ. ಬೆರಳು ಕೊಟ್ಲು.

ಕೌಂಟರಿಗೆ ಹಾಕಿ ಅಂತ ಕೊಟ್ಟಿದ್ದ ಅರ್ಜಿನ ಡಾಕ್ಟರು ಹರಿದು ಹಾಕಿದ್ರು. ಹೊಸ ಪತ್ರನ ಎಲ್ಲರ ಮುಂದೆ ಜೋರಾಗಿ ಓದಿದ್ರು. ನಿನ್ನ ತಪ್ಪು ಅಂತ ಬರೆದಿರೋ ಸಾಲು ಬಂದಾಗ ನಾನೇ ಎದ್ದು ಆಚೆ ಹೋದೆ. ಕೇಳೋಕಾಗ್ಲಿಲ್ಲ.

ಈಗ ಸುದ್ದಿ. ಹೊಸ ಲೆಕ್ಕದಲ್ಲಿ ಹನ್ನೊಂದು ಜನ ಆದ್ರು. ಮೂರು ರಾತ್ರಿ ಕಳೆದ ಬೆಳಿಗ್ಗೆ, ಹೊತ್ತು ನೋಡಿ ತೆಗೆದ ರಕ್ತ. ಹನ್ನೊಂದರಲ್ಲಿ ಎರಡು. ನಾನು ನೋಡ್ದೆ. ಏನೂ ಹೇಳ್ದೆ ಎದ್ದು ನರ್ಸಮ್ಮನನ್ನ ಕೂರಿಸ್ದೆ. ಅವಳು ಸ್ವಲ್ಪ ಹೊತ್ತು ನೋಡಿ, "ಇವೇ ಅಲ್ವಾ ನಿಮ್ಮ ಉಂಗುರ?" ಅಂದ್ಲು.

ಕಣ್ಣು ಸರಿ ಇದೆ ಕಣೇ. ಖುಷಿ ಪಡೋಣ ಅಂದ್ರೆ ಆ ಔಷಧಿ ನಂಬ್ಕೊಂಡು ದಿನಾ ಬಾಗಿಲಲ್ಲಿ ನಿಲ್ಲೋರ ಮುಖ ಎದುರಿಗೆ ಬರುತ್ತೆ. ಕಣ್ಣೇ ಕೆಟ್ಟಿದ್ರೆ ಚೆನ್ನಾಗಿತ್ತು. ಕನ್ನಡಕ ಬದಲಾಯಿಸಿದ್ರೆ ಮುಗೀತಿತ್ತು.

ಎರಡು ಸ್ಲೈಡನ್ನೂ ಅದೇ ಥರ ಹತ್ತಿ ಸುತ್ತಿ ಡಬ್ಬಿಗೆ ಹಾಕಿದೀನಿ. ಇವತ್ತು ಸಂಜೆ ಬಸ್ಸಿಗೆ ಕೊಡ್ತೀನಿ, ಮೂರನೇ ದಿನ ನಿನ್ನ ಕೈಗೆ ಸಿಗುತ್ತೆ. ನಿನ್ನ ಥರಾನೇ ಎಣಿಸು. ಇವತ್ತನ್ನ ಸೇರಿಸ್ಬೇಡ. ಇವತ್ತು ನಾವಿಬ್ರೂ ನಿಂತಿರೋ ನೆಲ.